ಐದು ಜನರ ಊಟದ ಪ್ಯಾಕೇಜು

"ಉಣ್ಣೋಕೆ ಮುಂಚೇನೇ ಊಟದ ದುಡ್ಡು ಕಟ್ಟೋಕೆ ನನಗೇನು ತಲೆ ಕೆಟ್ಟಿದೆ ಅಂದ್ಕಂಡಿದ್ದೀಯೇನೋ? ಎದ್ದೋಗು ನನ್ನ ಮುಂದಿಂದ."

ವೀರಭದ್ರಸ್ವಾಮಿ ತಟ್ಟೆಯನ್ನು ಮುಂದಕ್ಕೆ ನೂಕಿದರು. ಅರ್ಧ ಮುರಿದ ಮುದ್ದೆ ಉರುಳಿ ಉಪ್ಪುಸಾರಿಗೆ ಬಿತ್ತು. ಎದುರಿಗೆ ಕೂತಿದ್ದ ಮಗ ಸೋಮಶೇಖರ್ ಎದ್ದು ಹೋಗಲಿಲ್ಲ. ಅವನೂ ಅದೇ ಅಪ್ಪನಿಗೆ ಹುಟ್ಟಿದವನು.

"ನೀವು ಉಣ್ಣದಿದ್ರೆ ಬುಡಿ. ಹೆಂಡ್ತಿ ಮಗಳನ್ನ ಎರಡು ದಿನ ಆಚೆ ಕರ್ಕಂಡು ಹೋಗೋಕೂ ನಿಮ್ಮ ಅಪ್ಪಣೆ ಬೇಕಾ?"

"ಬೇಕು ಕಣೋ. ಅಂಗಡಿ ನನ್ನ ಹೆಸರಲ್ಲಿರೋ ತನಕ ಬೇಕು."

ಮಂಗಳಮ್ಮ ಸಾರಿನ ಸೌಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ವೀರಭದ್ರಸ್ವಾಮಿಯ ತಂಗಿ. ಗಂಡ ತೀರಿಕೊಂಡ ಮೇಲೆ ಪಿರಿಯಾಪಟ್ಟಣದ ಈ ಮನೆಗೆ ಬಂದವಳು ಸೀದಾ ಒಲೆಯ ಮುಂದೆ ಹೋಗಿ ನಿಂತಳು. ಆಮೇಲೆ ಅಲ್ಲಿಂದ ಈಚೆಗೆ ಬಾ ಎಂದು ಯಾರೂ ಕರೆಯಲಿಲ್ಲ. ಈಗ ಐವತ್ತು ದಾಟಿತ್ತು. ಜಗಳದ ನಡುವೆ ಬಡಿಸಬೇಕೋ ಬೇಡವೋ ಎಂದು ಒಂದು ಗಳಿಗೆ ಅನುಮಾನಿಸಿ, ಅಣ್ಣನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಅಣ್ಣ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಉಣ್ಣುತ್ತಲೇ ಬೈಯತೊಡಗಿದರು.

ಇದೆಲ್ಲ ಶುರುವಾಗಿದ್ದು ಮೊಮ್ಮಗಳು ಗೌತಮಿಯಿಂದ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದರೆ ಕಾಡಿನ ಅಂಚಿನ ರೆಸಾರ್ಟಿಗೆ ಕರೆದುಕೊಂಡು ಹೋಗುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದ. ವೀರನಹೊಸಹಳ್ಳಿ ಕಡೆಯದು, ಕಾರಿನಲ್ಲಿ ಹೋದರೆ ಬೆಳಗಿನ ತಿಂಡಿ ಅರಗುವ ಮುಂಚೆ ಸೇರಬಹುದು. ಮರ ನೋಡೋಕೆ ದುಡ್ಡು ಕೊಡೋದಾದ್ರೆ ನಮ್ಮ ತೋಟದಲ್ಲೇ ಚಾಪೆ ಹಾಸಿಕೊಂಡು ಬಿದ್ದುಕೊಳ್ಳಿ ಎಂದು ವೀರಭದ್ರಸ್ವಾಮಿ ಮೊದಲು ಗೊಣಗಿದರೂ ಮೊಮ್ಮಗಳ ಮುಖ ನೋಡಿ ಒಪ್ಪಿದ್ದರು. ಈಗಿನ ತಕರಾರು ಊಟದ್ದು. ಮೂರು ಹೊತ್ತಿನ ಊಟ ತಿಂಡಿ, ಸಂಜೆಯ ಕಾಫಿ ಬಜ್ಜಿ ಎಲ್ಲ ಸೇರಿಸಿ ತಲೆಗೆ ಇಷ್ಟು ಅಂತ ಮುಂಚಿತವಾಗಿ ಕಟ್ಟಬೇಕು. ಉಂಡರೂ ಅಷ್ಟೇ, ಬಿಟ್ಟರೂ ಅಷ್ಟೇ, ವಾಪಸ್ಸಿಲ್ಲ. ಹೊರಗಿನಿಂದ ಊಟ ತರುವ ಹಾಗಿಲ್ಲ.

ವೀರಭದ್ರಸ್ವಾಮಿಗೆ ದುಡ್ಡಿನ ಸಿಟ್ಟಿಗಿಂತ ಒಲೆಯ ಸಿಟ್ಟು ದೊಡ್ಡದು. ಅಲ್ಲಿ ಕೋಳಿ, ಕುರಿ ಎಲ್ಲ ಬೇಯುತ್ತದೆ. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಗುಟುಕು ನೀರೂ ಕುಡಿಯದ ಮನುಷ್ಯ ಅವರು. ಮಾಂಸ ಬೆಂದ ಒಲೆಯ ಮೇಲಿನ ಅನ್ನಕ್ಕೆ ಕೈ ಹಾಕು ಅಂದರೆ ಸುಮ್ಮನಿರುತ್ತಾರೆಯೇ?

ಅವರ ಹೆಂಡತಿ ಪ್ರೇಮಮ್ಮನ ವಾದವೇ ಬೇರೆ. ಸಕ್ಕರೆ ಕಾಯಿಲೆಯವಳು ತಾನು, ಬೆಳಿಗ್ಗೆ ಎರಡು ಇಡ್ಲಿ, ರಾತ್ರಿ ಒಂದು ಚಪಾತಿ ತಿನ್ನುತ್ತೇನೆ. ಅದಕ್ಕೂ ಗುಡ್ಡದಂತೆ ತಿನ್ನುವವರ ಲೆಕ್ಕ ಹಾಕುತ್ತಾರಾ ಎಂದು ಅವಳು ಕೇಳಿದಳು.

ಅದುವರೆಗೂ ಸುಮ್ಮನಿದ್ದ ಸೊಸೆ ಉಷಾರಾಣಿ ಆಗ ಬಾಯಿ ಬಿಟ್ಟಳು. ಖಾಸಗಿ ಶಾಲೆಯಲ್ಲಿ ಮೇಡಂ ಆಗಿರುವವಳು, ಮಾತು ತೂಕದ್ದು.

"ಹೋದ ವರ್ಷ ಮೈಸೂರಿನ ಹೋಟೆಲಲ್ಲಿ ಏನಾಯ್ತು ಮಾವ? ನೀವು ಕಾರ್ಡಲ್ಲಿ ತಿಂಡಿ ಹೆಸರು ಓದ್ಲಿಲ್ಲ, ಬರೀ ರೇಟು ಓದಿದ್ರಿ. ಐದು ಜನಕ್ಕೆ ಮೂರು ದೋಸೆ ಹೇಳಿದ್ರಿ. ಮೊದ್ಲೇ ಕಟ್ಬುಟ್ರೆ ರೇಟು ಕಾಣಲ್ಲ, ನೆಮ್ಮದಿಯಾಗಿ ಉಣ್ಣಬೋದು."

ಅಪ್ಪನ ಮುಖ ಕೆಂಪಾದದ್ದನ್ನು ನೋಡಿ ಸೋಮಶೇಖರ್ ಬೇಗ ಬೇಗ ಲೆಕ್ಕ ಒಪ್ಪಿಸಿದ. ಐದು ಜನ, ಎರಡು ರೂಮು, ಐದು ಊಟದ ಪ್ಯಾಕೇಜು.

ಮಂಗಳಮ್ಮ ಸೌಟು ಹಿಡಿದೇ ಎಣಿಸಿದಳು. ಅಣ್ಣ, ಅತ್ತಿಗೆ, ಸೋಮು, ಉಷಾ, ಗೌತಮಿ. ಹೌದು, ಐದು. ಮನೆಯಲ್ಲಿ ಇರುವವರು ಆರು. ಅವಳ ಮುಖ ನೋಡಿದ ಪ್ರೇಮಮ್ಮ ಸಮಾಧಾನ ಹೇಳುವವಳಂತೆ, "ಮಂಗಳ ಹೊರಗೆ ಉಣ್ಣಲ್ವಲ್ಲ, ಅವಳಿಗ್ಯಾಕೆ ದಂಡ," ಎಂದಳು. ಮಾತು ಅಲ್ಲಿಗೆ ಮುಗಿಯಿತು.

ಮಂಗಳಮ್ಮ ಹೊರಗೆ ಉಣ್ಣುವುದಿಲ್ಲ ಎನ್ನುವುದು ನೆಂಟರಿಷ್ಟರಿಗೆಲ್ಲ ಗೊತ್ತಿದ್ದ ಸಂಗತಿ. ಅದು ಹೇಗೆ ಶುರುವಾಯಿತು ಎನ್ನುವುದು ಅವಳೊಬ್ಬಳಿಗೆ ಗೊತ್ತು. ಹಲವು ವರ್ಷದ ಹಿಂದೆ ಮಿರ್ಲೆಯಲ್ಲಿ ನೆಂಟರ ಮದುವೆ. ನಸುಕಿನಿಂದ ತರಕಾರಿ ಹೆಚ್ಚಿ, ಕಾಯಿ ತುರಿದು, ಪಂಕ್ತಿ ಪಂಕ್ತಿಗೆ ಪಲ್ಯ ಬಡಿಸಿ, ಕೊನೆಗೆ ಕೈ ತೊಳೆದುಕೊಂಡು ಒಂದು ಎಲೆಯ ಮುಂದೆ ಕೂತಳು. ಎಲೆಗೆ ಉಪ್ಪು ಬಂತು, ಉಪ್ಪಿನಕಾಯಿ ಬಂತು, ಅನ್ನ ಬರಲಿಲ್ಲ. ಒಳಗೆ ಹಂಡೆ ಬರಿದಾಗಿತ್ತು. ಅಯ್ಯೋ ಮಂಗಳಮ್ಮ ಉಂಡೇ ಇಲ್ಲವಲ್ಲ ಎಂದು ಯಾರೋ ಕೂಗಿದರು. ಪಂಕ್ತಿಯವರೆಲ್ಲ ಕತ್ತು ತಿರುಗಿಸಿ ಅವಳ ಬರೀ ಎಲೆಯನ್ನು ನೋಡಿದರು. ಅವಳು ಸಟ್ಟನೆ ಎದ್ದು ಸೆರಗು ಕೊಡವಿ, ತನಗೆ ವ್ರತವಿದೆ, ಹೊರಗೆ ಉಣ್ಣುವುದಿಲ್ಲ, ಕಾಲು ನೋವೆಂದು ಸುಮ್ಮನೆ ಕೂತಿದ್ದೆ ಎಂದುಬಿಟ್ಟಳು. ಮನೆಗೆ ಬಂದು ತಂಗಳನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡಳು.

ಆ ಮಾತು ಅಲ್ಲಿಗೇ ಸಾಯಬೇಕಾಗಿತ್ತು. ಅಣ್ಣ ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು. ನನ್ನ ತಂಗಿ ತನ್ನ ಕೈಯಡುಗೆ ಬಿಟ್ಟು ಬೇರೆ ಮುಟ್ಟುವುದಿಲ್ಲ, ಅಂಥ ನೇಮದವಳು ಎಂದು ಮಠದ ಸ್ವಾಮಿಗಳ ಮುಂದೂ ಹೇಳಿದರು. ಸ್ವಾಮಿಗಳು ತಲೆದೂಗಿದ ಮೇಲೆ ಮಂಗಳಮ್ಮ ಯಾವ ಬಾಯಲ್ಲಿ ಇಲ್ಲ ಅಂದಾಳು? ಆಮೇಲೆ ಮದುವೆ, ಗೃಹಪ್ರವೇಶ ಯಾವುದಕ್ಕೂ ಅವಳನ್ನು ಕರೆಯುವುದು ನಿಂತುಹೋಯಿತು. ಕರೆದರೂ ಉಣ್ಣುವುದಿಲ್ಲವಲ್ಲ. ಎಲ್ಲರೂ ರೇಷ್ಮೆ ಉಟ್ಟುಕೊಂಡು ಹೊರಟರೆ ಅವಳು ಒಳಗಿಂದ ಚಿಲಕ ಹಾಕಿಕೊಂಡು, ಒಂದು ಲೋಟ ಅಕ್ಕಿ ಹಾಕಿ, ಒಬ್ಬಳಿಗೇ ಅನ್ನ ಮಾಡಿಕೊಳ್ಳುತ್ತಿದ್ದಳು. ಒಬ್ಬಳಿಗೆ ಮಾಡಿದ ಸಾರಿಗೆ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಕಮ್ಮಿ.

ಯುಗಾದಿ ಕಳೆಯಿತು. ರೆಸಾರ್ಟಿನ ಜಗಳ ಕಳೆಯಲಿಲ್ಲ. ದಿನಕ್ಕೊಂದು ರೀತಿಯಲ್ಲಿ ಏಳುತ್ತಿತ್ತು. ಅಂಗಡಿಯಿಂದ ಬಂದ ಸೋಮಶೇಖರ್ ರೆಸಾರ್ಟಿನವರಿಗೆ ಫೋನು ಹಚ್ಚುವುದು, ಅವರು ಒಂದು ರೂಮಿನಲ್ಲಿ ಒಬ್ಬರಿಗೆ ಪ್ಯಾಕೇಜು ಒಬ್ಬರಿಗೆ ಇಲ್ಲ ಅಂದರೆ ಆಗುವುದಿಲ್ಲ ಅನ್ನುವುದು, ಇವನು ಬೈಯುವುದು. ಒಂದು ಸಂಜೆ ಅಪ್ಪ ಮಗ ಮಾತು ಬಿಟ್ಟರು. ಮಂಗಳಮ್ಮ ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಬಡಿಸಬೇಕಾಯಿತು. ಒಬ್ಬರಿಗೆ ಬಡಿಸಿ ಮುಸುರೆ ತೊಳೆದರೆ ಇನ್ನೊಬ್ಬರು ತಟ್ಟೆ ಹಿಡಿದು ಬರುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಹೊಸಿಲ ಬಳಿ ಕೂತು ಸೊಪ್ಪು ಸೋಸುತ್ತಿದ್ದಾಗ ಗೌತಮಿ ಪಕ್ಕಕ್ಕೆ ಬಂದು ಮೊಬೈಲು ತೋರಿಸಿದಳು. ಆ ರೆಸಾರ್ಟಿನ ಊಟದ ಹಾಲ್. ಸಾಲಾಗಿ ಮುಚ್ಚಳದ ಪಾತ್ರೆಗಳು, ಹೊಳೆಯುವ ಪಿಂಗಾಣಿ ತಟ್ಟೆಗಳು. ಒಂದು ಮೂಲೆಯಲ್ಲಿ ಉದ್ದನೆ ಬಿಳಿ ಟೋಪಿ ಹಾಕಿಕೊಂಡವನು ದೋಸೆ ಹುಯ್ಯುತ್ತಿದ್ದ. ಎದುರಿಗೆ ಬಂದ ಹೆಂಗಸಿಗೆ ಬಗ್ಗಿ ಏನೋ ಕೇಳಿದ. ಅವಳು ಏನೋ ಹೇಳಿದಳು, ಅವನು ನಕ್ಕ.

"ಏನಂತ ಕೇಳ್ತಾನೆ ಅವನು?"

"ನಿಮಗೆ ಹೆಂಗಿರಬೇಕು ಅಂತ ಅಜ್ಜಿ. ಗರಿಗರಿ ಬೇಕಾ, ಮೆತ್ತಗೆ ಬೇಕಾ, ಈರುಳ್ಳಿ ಹಾಕ್ಲಾ ಅಂತ."

"ಎಲ್ಲಾರ್ನೂ ಕೇಳ್ತಾನಾ?"

"ಪ್ಯಾಕೇಜ್ ಇರೋರ್ನೆಲ್ಲ."

ಮಂಗಳಮ್ಮ ಇನ್ನೊಂದು ಸಲ ತೋರಿಸು ಎಂದಳು. ಆಮೇಲೆ ಮತ್ತೊಂದು ಸಲ. ಇಷ್ಟು ವರ್ಷ ಈ ಮನೆಯಲ್ಲಿ ದೋಸೆ ಹುಯ್ದವಳು ಅವಳು. ನಿನಗೆ ಹೆಂಗಿರಬೇಕು ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ಹಿಟ್ಟಿನ ಪಾತ್ರೆ ಬಳಿದಾಗ ಬಂದದ್ದು ಅವಳ ದೋಸೆ.

ಅದಾದ ಎರಡು ದಿನಕ್ಕೆ ಅವಳು ಧೈರ್ಯ ಮಾಡಿ ಪ್ರೇಮಮ್ಮನ ಹತ್ತಿರ ಬಾಯಿಬಿಟ್ಟಳು. ಅತ್ತಿಗೆಯ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು.

"ಅತ್ತಿಗೆ, ನಂದೂ ಒಂದು ಕಟ್ಟಿಸ್ಬುಡಿ. ನಾನೂ ಬತ್ತೀನಿ. ಅಲ್ಲೇ ಉಣ್ತೀನಿ."

ಪ್ರೇಮಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು. "ವ್ರತ?"

"ಬುಟ್ಟೆ."

"ರೆಸಾರ್ಟ್ ಊಟದ ಆಸೆಗೆ ವ್ರತ ಬುಟ್ಟೆ ಅಂದ್ರೆ ಜನ ಎಲ್ಲಿಂದ ನಗ್ತಾರೆ ಹೇಳು. ನಿಮ್ಮಣ್ಣ ಮಠದಲ್ಲಿ ತಲೆ ಎತ್ಕಂಡು ತಿರುಗೋದು ಬ್ಯಾಡ್ವಾ?" ಅಂದವಳು ತಾನೇ ನಕ್ಕಳು. ತಮಾಷೆಗೆ ಹೇಳಿದೆ ಎಂದುಕೊಂಡಳೋ ಏನೋ. ಮಂಗಳಮ್ಮನಿಗೆ ಮೈಯೆಲ್ಲ ಉರಿಯಿತು. ಎಣ್ಣೆಯ ಬಟ್ಟಲು ಕುಕ್ಕಿ ಎದ್ದು ಹೋದಳು. ಹೋಗಿ ಮಾಡಿದ್ದೇನು? ಸಂಜೆಯ ಮುದ್ದೆಗೆ ಎಸರಿಟ್ಟಳು.

ಆದರೆ ಆ ಮಾತು ಪ್ರೇಮಮ್ಮನ ತಲೆಯಲ್ಲಿ ಬೇರೆ ಕಡೆಗೆ ಹೊರಳಿತು. ರಾತ್ರಿ ಊಟದ ಹೊತ್ತಿಗೆ ಅವಳೇ ಒಂದು ದಾರಿ ತೆಗೆದಳು. ರೆಸಾರ್ಟಿನ ಹಿಂಭಾಗದಲ್ಲಿ ಚಿಕ್ಕ ಅಡುಗೆಮನೆ ಇರುವ ಒಂದು ಕಾಟೇಜು ಇದೆಯಂತೆ. ಅದರಲ್ಲಿ ಊಟದ ಪ್ಯಾಕೇಜು ಬೇಕೇ ಬೇಕು ಎನ್ನುವುದಿಲ್ಲ. ನಾಲ್ಕು ಜನಕ್ಕೆ ಪ್ಯಾಕೇಜು ಕಟ್ಟಿ ಒಂದು ರೂಮು, ಕಾಟೇಜಿನಲ್ಲಿ ಯಜಮಾನರು. ಇವರಿಗೆ ಶುದ್ಧವಾಗಿ ಅಡುಗೆ ಮಾಡಿಹಾಕಲು ಮಂಗಳ.

"ಪಾಪ, ಅವಳೂ ಕಾಡು ನೋಡಿದಂಗಾಯ್ತದೆ," ಎಂದಳು.

ಎಲ್ಲರಿಗೂ ಒಪ್ಪಿಗೆಯಾಯಿತು. ಅಪ್ಪ ಮಗ ಅವತ್ತು ಒಟ್ಟಿಗೆ ಕೂತು ಉಂಡರು. ಹೋಗಲು ನಿನಗೆ ಇಷ್ಟವೋ ಎಂದು ಯಾರೂ ಮಂಗಳಮ್ಮನನ್ನು ಕೇಳಲಿಲ್ಲ. ಕಾಡು ನೋಡುವುದು ಯಾರಿಗೆ ಬೇಡ? ಅವಳು ರಾಗಿಹಿಟ್ಟು, ಸಾರಿನ ಪುಡಿ, ಹುರುಳಿಕಾಳು, ಎರಡು ಪಾತ್ರೆ ಚೀಲಕ್ಕೆ ತುಂಬಿದಳು. ತನ್ನ ಸೀರೆಗಳನ್ನು ಅದರ ಮೇಲೆ ಇಟ್ಟುಕೊಂಡಳು.

ರೆಸಾರ್ಟಿನ ಬಾಗಿಲಲ್ಲಿ ಕುಂಕುಮ ಇಟ್ಟು ಎಳನೀರು ಕೊಟ್ಟರು. ಕೌಂಟರಿನ ಹುಡುಗಿ ನಾಲ್ಕು ಜನರ ಮಣಿಕಟ್ಟಿಗೆ ಹಸಿರು ಪಟ್ಟಿ ಸುತ್ತಿ ಅಂಟಿಸಿದಳು. ಊಟದ ಹಾಲಿಗೆ ಹೋಗಬೇಕಾದರೆ ಅದನ್ನು ತೋರಿಸಬೇಕು. ಮಂಗಳಮ್ಮ ಗೊತ್ತಿಲ್ಲದೆ ಕೈ ಮುಂದೆ ಚಾಚಿದ್ದಳು. ಹುಡುಗಿ ಕಾಗದ ನೋಡಿ, ನಿಮಗಿಲ್ಲ ಆಂಟಿ ಎಂದು ಮೆಲ್ಲಗೆ ಹೇಳಿದಳು. ಮಂಗಳಮ್ಮ ಆ ಕೈಯಿಂದ ಸೆರಗು ಸರಿಮಾಡಿಕೊಂಡಳು.

ಕಾಟೇಜಿನ ಅಡುಗೆಮನೆಗೆ ಒಂದೇ ಕಿಟಕಿ. ಅದರಿಂದ ಕಾಣುತ್ತಿದ್ದದ್ದು ಕಾಡಲ್ಲ, ನೀರಿನ ಟ್ಯಾಂಕು. ಮೊದಲ ದಿನ ಎರಡೂ ಹೊತ್ತು ಅವಳು ಅಡುಗೆ ಮಾಡಿದಳು, ಅಣ್ಣ ಉಂಡರು. ಹೊಸ ಜಾಗದಲ್ಲಿ ಉರಿ ಹದವಾಗಿ ಸಿಗದೆ ಮುದ್ದೆ ಸ್ವಲ್ಪ ಗಂಟಾಗಿತ್ತು, ಅಣ್ಣ ಅದನ್ನು ಹೇಳಿದರು. ಉಳಿದ ನಾಲ್ವರು ಹಾಲ್ ಕಡೆಯಿಂದ ಬಂದು ಏನೇನು ಉಂಡೆವೆಂದು ಒಬ್ಬರ ಮೇಲೊಬ್ಬರು ಹೇಳಿದರು. ಎರಡು ಇಡ್ಲಿಯ ಪ್ರೇಮಮ್ಮ ಮೂರು ಬಗೆಯ ಸಿಹಿ ತಿಂದಿದ್ದಳು. ಹೇಗೂ ದುಡ್ಡು ಕಟ್ಟಿದೆ ಎಂದಳು.

ಎರಡನೆಯ ದಿನ ಮಂಗಳಮ್ಮ ಹುರುಳಿಸಾರು ಮಾಡಿ, ಅನ್ನ ಬಸಿದು, ಅಣ್ಣನಿಗೆ ಕಾದಳು. ಅಣ್ಣ ಮೊಮ್ಮಗಳ ಜೊತೆ ಹಾಲ್ ಹೇಗಿದೆಯೆಂದು ಸುಮ್ಮನೆ ನೋಡಿಕೊಂಡು ಬರಲು ಹೋಗಿದ್ದರು. ಅನ್ನ ಆರಿತು. ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅಣ್ಣನನ್ನು ಬಿಟ್ಟು ಮೊದಲು ಉಂಡು ಅಭ್ಯಾಸವಿಲ್ಲ.

ಬಿಸಿಲು ಒಂದಿಷ್ಟು ಓರೆಯಾದ ಮೇಲೆ ಎಲ್ಲರೂ ಒಟ್ಟಿಗೆ ಬಂದರು. ವೀರಭದ್ರಸ್ವಾಮಿ ಹಲ್ಲಿನ ಸಂದಿಗೆ ಕಡ್ಡಿ ಹಾಕಿಕೊಂಡು ಬರುತ್ತಿದ್ದರು. ಅವರ ಕೈಯಲ್ಲೂ ಹಸಿರು ಪಟ್ಟಿ ಇತ್ತು.

ಆದದ್ದನ್ನು ಅವರೇ ಖುಷಿಯಿಂದ ವಿವರಿಸಿದರು. ಊಟದ ಹಾಲ್‌ನಲ್ಲಿ ಹುಣಸೂರಿನ ಬೀಜದ ವ್ಯಾಪಾರಿಯೊಬ್ಬರು ಸಿಕ್ಕಿದರಂತೆ. ಅವರೂ ನಮ್ಮವರೇ, ಲಿಂಗ ಕಟ್ಟಿದವರೇ. ಸಸ್ಯಾಹಾರಕ್ಕೆ ಒಲೆ, ಪಾತ್ರೆ, ಭಟ್ಟರು ಎಲ್ಲ ಬೇರೆಯೇ ಎಂದು ಒಳಕ್ಕೆ ಕರೆದುಕೊಂಡು ಹೋಗಿ ತೋರಿಸಿದರಂತೆ. ಸೋಮು ಕೌಂಟರಿಗೆ ಹೋಗಿ ನಿಂತ ನಿಲುವಿನಲ್ಲೇ ಐದನೆಯ ಪ್ಯಾಕೇಜು ಮಾಡಿಸಿದನಂತೆ.

"ಬೆಂಡೆಕಾಯಿ ಗೊಜ್ಜು ಮಾಡಿದ್ರು ನೋಡು, ಆಹಾ. ಅವನು ಪಕ್ಕದಲ್ಲೇ ನಿಂತ್ಕಂಡು ಇನ್ನೇನು ಹಾಕ್ಲಿ ಸಾರ್, ಇನ್ನೇನು ಹಾಕ್ಲಿ ಅಂತಾನೆ. ಸಾರು ನೀನೇ ಉಂಡ್ಬುಡು ಮಂಗಳ."

ಮಂಗಳಮ್ಮ ಮೆಟ್ಟಿಲಿಂದ ಏಳಲಿಲ್ಲ. "ನನ್ನನ್ನ ಕರೀಲಿಲ್ವಲ್ಲ ಅಣ್ಣ."

"ನೀನು ಹೊರಗೆ ಉಣ್ಣಲ್ವಲ್ಲ."

"ಉಣ್ತೀನಿ. ಅವತ್ತು ಮಿರ್ಲೇಲಿ ಅನ್ನ ಮುಗಿದೋಗಿತ್ತು, ಅಷ್ಟೇ. ವ್ರತಾನೂ ಇಲ್ಲ, ಮಣ್ಣೂ ಇಲ್ಲ. ಅಷ್ಟು ಜನದ ಮುಂದೆ ಬರೀ ಎಲೆ ಇಟ್ಕಂಡು ಕೂತಿದ್ದೆ. ಮರ್ಯಾದೆಗೆ ಅಂಗಂದೆ. ನಿಮ್ಮಲ್ಲಿ ಒಬ್ರಾದ್ರೂ, ಯಾವತ್ತಾದ್ರೂ, ಯಾಕೆ ಅಂತ ಕೇಳಿದ್ರಾ?"

ಅವಳ ದನಿ ಏರಿತ್ತು. ಪಕ್ಕದ ಕಾಟೇಜಿನ ಮುಂದೆ ಕೂತಿದ್ದ ಯಾರೋ ಇತ್ತ ತಿರುಗಿದರು. ವೀರಭದ್ರಸ್ವಾಮಿ ಕಡ್ಡಿಯನ್ನು ಬಾಯಿಂದ ತೆಗೆದರು. ಅವರಿಗೆ ತಂಗಿಯ ಹಸಿವು ಕೇಳಿಸಲಿಲ್ಲ, ಬೇರೆಯದೇ ಕೇಳಿಸಿತು.

"ಅಂದ್ರೆ ಇಷ್ಟು ವರ್ಷ ಸುಳ್ಳು ಹೇಳ್ಕಂಡು ಬಂದ್ಯಾ? ಸ್ವಾಮಿಗಳ ಮುಂದೆ ನನ್ನ ಬಾಯಲ್ಲೂ ಸುಳ್ಳು ಹೇಳಿಸ್ದೆಯಾ?"

"ನೀನು ಹೇಳ್ಕಂಡಿದ್ದು ನಿನ್ನ ಹೆಮ್ಮೆಗೆ."

"ನೇಮದ ಕೈ ಅಂತ ನಿನ್ನ ಕೈಯಲ್ಲಿ ಉಂಡೆ ಕಣೆ."

"ನನ್ನ ಕೈ ತೊಳ್ಕಂಡೇ ಮಾಡಿಕ್ಕಿದೀನಿ."

ಪ್ರೇಮಮ್ಮ ನಡುವೆ ಬಂದು, ನಾಲ್ಕು ಜನ ನೋಡುತ್ತಿದ್ದಾರೆ, ಒಳಗೆ ನಡೆಯಿರಿ ಎಂದು ಗದರಿದಳು. ಗೌತಮಿ ಮಾತ್ರ ಅಜ್ಜಿಗೂ ಒಂದು ಪಟ್ಟಿ ಹಾಕಿಸಿ ಅಪ್ಪ ಎಂದಳು. ಸೋಮಶೇಖರ್ ಕೈಗಡಿಯಾರ ನೋಡಿಕೊಂಡ. ಸಫಾರಿ ಜೀಪು ಬರುವ ಹೊತ್ತಾಗಿತ್ತು.

"ನಾಳೆ ಬೆಳಿಗ್ಗೆ ಹೊರಟೇ ಬುಡ್ತೀವಲ್ಲ ಅತ್ತೆ. ಒಂದು ಹೊತ್ತಿಗೆ ಅಂದ್ರೆ ಕೊಡಲ್ಲ, ಪೂರ್ತಿದೇ ಕಟ್ಟಬೇಕು. ಅಪ್ಪಂಗೂ ಪೂರ್ತಿ ಕಟ್ಟಿ ಬಂದೆ ಈಗ್ತಾನೆ. ಮನೆಗೆ ಹೋಗೋವಾಗ ಹುಣಸೂರಲ್ಲಿ ಒಳ್ಳೆ ಹೋಟೆಲಲ್ಲಿ ಮಸಾಲೆ ದೋಸೆ ಕೊಡಿಸ್ತೀನಿ, ಸರಿನಾ?"

ಮಗುವಿಗೆ ಹೇಳುವ ಹಾಗೆ ಹೇಳಿದ. ಜೀಪು ಬಂತು. ಐದು ಜನ ಹತ್ತಿ ಕೂತರು. ಪ್ರೇಮಮ್ಮ ಜೀಪಿನಿಂದಲೇ ಕೂಗಿ, ಸುಸ್ತಾಗಿ ಬರ್ತೀವಿ, ಕಾಫಿಗೆ ನೀರು ಕಾಯಿಸಿಟ್ಟಿರು, ಊಟದ ಹಾಲ್‌ನವರ ಕಾಫಿ ಸಪ್ಪೆ ಎಂದಳು. ಅಣ್ಣ ಬೇರೆ ಕಡೆ ನೋಡುತ್ತಿದ್ದರು.

ಮಂಗಳಮ್ಮ ಒಳಗೆ ಹೋಗಿ ಅಡುಗೆಮನೆಯಲ್ಲಿ ನಿಂತಳು. ಸಾರಿನ ಮೇಲೆ ಪೊರೆ ಕಟ್ಟಿತ್ತು. ತಟ್ಟೆ ಹಾಕಿಕೊಳ್ಳೋಣ ಎಂದುಕೊಂಡಳು, ಹಾಕಿಕೊಳ್ಳಲಿಲ್ಲ. ಕಾಫಿಗೆ ನೀರಿಟ್ಟು ಒಲೆ ಹಚ್ಚಿದಳು. ನೀರು ಕುದಿಯುವುದನ್ನು ನೋಡುತ್ತಾ ನಿಂತಳು. ಅವರು ಬರುವುದು ಇನ್ನೂ ಎಷ್ಟೋ ಹೊತ್ತಿಗೆ. ಈಗಲೇ ನೀರು ಕಾಯಿಸುವವಳು ಎಂಥ ಪೆದ್ದಿ ಎಂದು ಅನ್ನಿಸಿತು. ಒಲೆ ಆರಿಸಿದಳು. ಅನ್ನ, ಸಾರು ಎರಡನ್ನೂ ಮುಚ್ಚಿಟ್ಟಳು. ಚೀಲದಿಂದ ತನ್ನ ಸೀರೆಗಳನ್ನೂ ಸಣ್ಣ ಪರ್ಸನ್ನೂ ತೆಗೆದು ಒಂದು ಬಟ್ಟೆಯ ಕೈಚೀಲಕ್ಕೆ ಹಾಕಿಕೊಂಡಳು. ರಾಗಿಹಿಟ್ಟು, ಸಾರಿನ ಪುಡಿ ಅಲ್ಲೇ ಇದ್ದವು. ಬಾಗಿಲು ಎಳೆದುಕೊಂಡು ಹೊರಟಳು.

ಗೇಟಿನ ಕಾವಲುಗಾರ ತಡೆದು, ಯಾವ ರೂಮಿನವರು ಎಂದು ಕೇಳಿದ. ಅವನ ಕಣ್ಣು ಅವಳ ಮಣಿಕಟ್ಟಿನ ಮೇಲೆ ಹೋಯಿತು.

"ಅಡುಗೆಗೆ ಬಂದಿದ್ದೆ ಕಣಪ್ಪ. ಕೆಲಸ ಮುಗೀತು."

ಅವನು ಗೇಟು ತೆಗೆದ. ಒಬ್ಬರೇ ನಡೆದು ಹೋಗಬೇಡಿ, ಆನೆ ಓಡಾಡುವ ಜಾಗ, ಬಸ್ಸು ಬರುತ್ತದೆ ಇಲ್ಲೇ ನಿಲ್ಲಿ ಎಂದು ತನ್ನ ಕುರ್ಚಿಯನ್ನು ನೆರಳಿಗೆ ಎಳೆದು ಕೊಟ್ಟ. ಅವಳು ಕೂರಲಿಲ್ಲ. ಕೂತರೆ ಮತ್ತೆ ಏಳುತ್ತೇನೋ ಇಲ್ಲವೋ ಎಂದು ಹೆದರಿಕೆಯಾಯಿತು. ಬಸ್ಸು ಬಂದಾಗ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹನಗೋಡು ದಾಟುವವರೆಗೂ ಅವಳು ಹಿಂದಕ್ಕೆ ತಿರುಗಿ ತಿರುಗಿ ನೋಡಿದಳು. ಯಾವ ಕಾರೂ ಬರಲಿಲ್ಲ. ಬರಲೆಂದು ನೋಡುತ್ತಿದ್ದಳೋ, ಬರಬಾರದೆಂದು ನೋಡುತ್ತಿದ್ದಳೋ, ಅವಳಿಗೇ ತಿಳಿಯಲಿಲ್ಲ.

ಹುಣಸೂರಿನಲ್ಲಿ ಇಳಿದಾಗ ಪಿರಿಯಾಪಟ್ಟಣದ ಬಸ್ಸು ಇನ್ನೇನು ಹೊರಡುವುದರಲ್ಲಿತ್ತು. ಊರಿನ ಪರಿಚಯದ ಹೆಂಗಸೊಬ್ಬಳು ಕಿಟಕಿಯಿಂದ ಕೈ ಬೀಸಿ, ಬಾ ಮಂಗಳಕ್ಕ, ಸೀಟು ಹಿಡಿದಿದ್ದೀನಿ ಎಂದು ಕರೆದಳು. ಮಂಗಳಮ್ಮ ತಲೆಯಾಡಿಸಿ ಮುಂದೆ ನಡೆದಳು. ಆಚೆ ಕಡೆ ಕೆ.ಆರ್. ನಗರದ ಬಸ್ಸು ನಿಂತಿತ್ತು. ಆ ಊರಿನಲ್ಲಿ ಅವಳಿಗೆ ಯಾರೂ ಇರಲಿಲ್ಲ. ಹತ್ತಿ ಕೂತಳು.

ಕಂಡಕ್ಟರು ಬಂದು, ಎಲ್ಲಿಗಮ್ಮ, ಎಷ್ಟು ಜನ ಎಂದು ಕೇಳಿದ.

"ಬಸ್ಸು ಎಲ್ಲಿತನಕ ಹೋಗುತ್ತೋ ಅಲ್ಲಿಗೆ. ಒಬ್ಬಳೇ."

ಅವನು ಅವಳ ಆಧಾರ್ ಕಾರ್ಡು ನೋಡಿ ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟ. ಹಾಗೆ ಹೋದವಳು ಆ ಮನೆಗೆ ಮತ್ತೆ ಬರಲಿಲ್ಲ.